ಕೊನೆಯ ಮೂರು ಪುಟಗಳ ಅಕ್ಷರ

ಎಪ್ಪತ್ತರ ದಶಕದಲ್ಲಿ ನಾನು ಮುಂಬಯಿಯಲ್ಲಿ ಸಂಕೀರ್ಣ ಸಂಖ್ಯೆಗಳ ಗಣಿತದಲ್ಲಿ ಸಂಶೋಧನೆ ಮಾಡುತ್ತಿದ್ದೆ. ನನ್ನ ಬರಹ ಟೈಪ್ ಮಾಡುತ್ತಿದ್ದವರು ಉಡುಪಿಯ ಶಾರದಕ್ಕ. ಗಣಿತ ಅವರಿಗೆ ಗೊತ್ತಿಲ್ಲ. ಟೈಪ್‌ರೈಟರಿನಲ್ಲಿಲ್ಲದ ಗ್ರೀಕ್ ಅಕ್ಷರಗಳಿಗೆ ಜಾಗ ಬಿಡುತ್ತಿದ್ದರು, ನಾನು ಪೆನ್ನಿನಲ್ಲಿ ತುಂಬುತ್ತಿದ್ದೆ.

ಎರಡು ವರ್ಷ ಸತಾಯಿಸಿದ ಪ್ರಮೇಯವೊಂದರ ಸಾಧನೆಯನ್ನು ಒಂದು ಭಾನುವಾರ ಪಾರ್ಲೆಯ ನನ್ನ ಬಾಡಿಗೆ ರೂಮಿನಲ್ಲಿ ಒಬ್ಬನೇ ಕೂತು ಮುಗಿಸಿ, ಮರುದಿನ ಅವರಿಗೆ ಕೊಟ್ಟೆ.

“ಕೊನೆಯ ಮೂರು ಪುಟ ಯಾರು ಬರೆದದ್ದು ಸರ್?” ಎಂದರು.

“ನಾನೇ.”

“ಆರು ವರ್ಷದಿಂದ ನಿಮ್ಮ ಅಕ್ಷರ ನೋಡ್ತಿದ್ದೇನೆ. ಇದು ನಿಮ್ಮದಲ್ಲ.”

ನೋಡಿದೆ. ಶಾಯಿ ನನ್ನದೇ, ಬರೆದ ನೆನಪೂ ಇದೆ. ಬಲಕ್ಕೆ ವಾಲಿದ ಆ ಸಣ್ಣ ಅಕ್ಷರ ಮಾತ್ರ ನನ್ನದಲ್ಲ. ವಾರವಿಡೀ ಆ ಪುಟಗಳ ಗಣಿತದಲ್ಲಿ ತಪ್ಪು ಹುಡುಕಿದೆ, ಒಂದೂ ಸಿಗಲಿಲ್ಲ.

ಪ್ರಬಂಧ ಅಚ್ಚಾಯಿತು, ಬಡ್ತಿಯೂ ಬಂತು. ಪ್ರಬಂಧದ ಕೊನೆಯಲ್ಲಿ ಶಾರದಕ್ಕನಿಗೆ ಕೃತಜ್ಞತೆ ಹೇಳಿದ್ದೇನೆ. ಇನ್ನೊಬ್ಬರ ಹೆಸರು ನನಗೆ ಗೊತ್ತಿರಲಿಲ್ಲ.