ಬಿಲ್ಲೆಗೆ ಇಬ್ಬರು ಸಾಕ್ಷಿ

ಬೆಂಗಳೂರಿನ ಬಾಗಲಗುಂಟೆಯಲ್ಲಿ ಇನ್ನೂ ಖಾಲಿ ಸೈಟುಗಳಿದ್ದ ಕಾಲ ಅದು. ನಮ್ಮ ವಠಾರದಲ್ಲಿ ಸಾಲಾಗಿ ಎಂಟು ಶೀಟಿನ ಮನೆ, ಎಂಟು ಮನೆಗೂ ಸೇರಿ ಒಂದೇ ಒಗೆಯೋ ಕಲ್ಲು. ಸಂಜೆಯಾದರೆ ಪೀಣ್ಯದ ಫ್ಯಾಕ್ಟರಿಯಿಂದ ಅಪ್ಪ ಮಷಿನ್ ಎಣ್ಣೆಯ ವಾಸನೆ ಹೊತ್ತು ಬರುತ್ತಿದ್ದ, ಅವ್ವನ ಹಂಚಿನಿಂದ ಜೋಳದ ರೊಟ್ಟಿಯ ಘಮ ಏಳುತ್ತಿತ್ತು. ನಾವು ಹುಡುಗಿಯರು ಮಾತ್ರ ಪಕ್ಕದ ಸೈಟಿನಲ್ಲಿ ಕುಂಟೆಬಿಲ್ಲೆ ಆಡುತ್ತಾ, ಯಾರು ಕರೆದರೂ ಓಗೊಡುತ್ತಿರಲಿಲ್ಲ.

ಆ ಸೈಟಿಗೆ ಒಂದು ದಿನ ಟಿಪ್ಪರ್ ಬಂದು ಮಣ್ಣು ಸುರಿದು ಹೋಯಿತು. ಅದರಲ್ಲಿ ನನಗೊಂದು ಮಡಕೆ ಚೂರು ಸಿಕ್ಕಿತು. ಹೊರಗೆ ಕೆಂಪು, ಒಳಗೆ ಕಡುಕಪ್ಪು, ಮುಟ್ಟಿದರೆ ನುಣುಪು. ಬಿಲ್ಲೆಗೆ ಇದಕ್ಕಿಂತ ಬೇಕಾ? ಮೂಲೆಗಳಿದ್ದರೆ ಸರಿಯಾಗಿ ಜಾರುವುದಿಲ್ಲ ಅಂತ ಒಗೆಯೋ ಕಲ್ಲಿಗೆ ನೀರು ಹಾಕಿ ವಾರವೆಲ್ಲ ಉಜ್ಜಿ ದುಂಡಗೆ ಮಾಡಿದೆ. ‘ಕಲ್ಲು ಸವೀತೈತಿ, ಓನರ್ ಬೈತಾರ, ಬಿಡ ಹುಚ್ಚಿ!’ ಎಂದು ಅವ್ವ ಬೆನ್ನಿಗೊಂದು ಗುದ್ದಿದರೂ ಬಿಡಲಿಲ್ಲ. ಹಿಡಿದ ಹಟ ಬಿಟ್ಟರೆ ನಾನು ಕೊಪ್ಪಳದವಳೇ ಅಲ್ಲ.

ಆ ವರ್ಷ ಏಳನೇ ಕ್ಲಾಸಿಗೆ ಸಮಾಜ ಪಾಠ ಮಾಡುತ್ತಿದ್ದವರು ಶಾರದಾ ಮಿಸ್. ‘ಮಣ್ಣಲ್ಲಿ ಸಿಕ್ಕಿದ್ದನ್ನ ಓದೋದು ಪುರಾತತ್ವ. ಮನೇಲಿರೋರನ್ನ ಕೂರಿಸಿಕೊಂಡು ಕೇಳೋದು ಮಾನವಶಾಸ್ತ್ರ. ಎರಡಕ್ಕೂ ಪ್ರಶ್ನೆ ಒಂದೇ ಕಣ್ರೋ: ಯಾರು ಹೇಳಿದ್ದು? ಅವರಿಗೆ ಹೆಂಗೆ ಗೊತ್ತು? ಇನ್ಯಾರು ನೋಡಿದ್ದಾರೆ?’ ಅನ್ನುತ್ತಿದ್ದರು. ಪ್ರದರ್ಶನ ಮಾಡೋಣ, ಎಲ್ಲರೂ ಒಂದೊಂದು ಹಳೇ ಸಾಮಾನು ತನ್ನಿ, ಚೀಟಿಯಲ್ಲಿ ಆಧಾರ ಬರೆದಿರಬೇಕು ಎಂದರು. ಎಲ್ಲಕ್ಕಿಂತ ಒಳ್ಳೆಯದಕ್ಕೆ ಬಾಗಿಲ ಎದುರಿನ ಮೊದಲ ಮೇಜು.

ನಮ್ಮ ಓನರ್ ಮಗ ಮಂಜ ನನ್ನದೇ ಕ್ಲಾಸು. ಅವನು ತಾತನ ಕಾಲದ ಹಿತ್ತಾಳೆ ಸೇರು ತಂದಿದ್ದ. ‘ಬಾಡಿಗೆಯೋರ ಹತ್ರ ಹಳೇದು ಏನಿರತ್ತೆ? ಬಕೆಟ್ಟು, ಚಾಪೆ!’ ಎಂದು ನಕ್ಕ. ನನಗೆ ಮೈಯೆಲ್ಲ ಉರಿಯಿತು. ಆ ಮೊದಲ ಮೇಜು ನನ್ನದೇ ಆಗಬೇಕು ಎಂದು ಅಲ್ಲೇ ತೀರ್ಮಾನಿಸಿ, ಮಾರನೆಯ ದಿನ ಬಿಲ್ಲೆಯನ್ನು ಮಿಸ್ ಕೈಗಿಟ್ಟೆ.

ಮಿಸ್ ಕನ್ನಡಕ ಸರಿಮಾಡಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಲೈಬ್ರರಿಯಿಂದ ತಂದ ದಪ್ಪ ಪುಸ್ತಕ ತೆರೆದು ಒಂದು ಚಿತ್ರ ತೋರಿಸಿದರು. ಅಗೆದ ಜಾಗದಲ್ಲಿ ಸಿಕ್ಕ, ಅಂಚು ಉಜ್ಜಿದ ಮಡಕೆ ಬಿಲ್ಲೆಗಳು. ಥೇಟ್ ನನ್ನದರ ಹಾಗೇ! ‘ಈ ಅಂಚು ನೋಡ್ರೋ! ಯಾರೋ ಕೂತು ಉಜ್ಜಿದ್ದಾರೆ. ಆ ಕಾಲದ ಮಕ್ಕಳೂ ಹಿಂಗೇ ಆಡ್ತಿದ್ರೋ ಏನೋ’ ಎಂದರು. ಮಂಜನ ಮುಖ ಹುಳ್ಳಗಾಯಿತು. ಮೊದಲ ಮೇಜು ನನಗೆ.

ಅವತ್ತು ರಾತ್ರಿ ರೊಟ್ಟಿ, ಶೇಂಗಾ ಚಟ್ನಿ ತಿಂದು ಚೀಟಿ ಬರೆಯಲು ಕೂತೆ. ನಾನು ಬಾಯಿ ಬಿಡದಿದ್ದರೆ ದೇವರಾಣೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಚೀಟಿಯಲ್ಲಿ ‘ಯಾರು ಉಜ್ಜಿದ್ದು’ ಅನ್ನುವ ಕಡೆ ಪೆನ್ನು ಮುಂದೆ ಹೋಗಲೊಲ್ಲದು. ಮಂಜನನ್ನು ಸೋಲಿಸಬೇಕು ನಿಜ, ಸುಳ್ಳು ಹೇಳಿ ಸೋಲಿಸಿದರೆ ಅದೆಂಥ ಗೆಲುವು? ಬೆಳಿಗ್ಗೆ ಪ್ರಾರ್ಥನೆ ಮುಗಿದದ್ದೇ ಮಿಸ್ ಮುಂದೆ ನಿಂತು, ‘ಉಜ್ಜಿದ್ದು ನಾನೇ ಮಿಸ್, ಒಗೆಯೋ ಕಲ್ಲಿನ ಮೇಲೆ’ ಎಂದೆ.

ಕ್ಲಾಸು ಗೊಳ್ಳೆಂದು ನಕ್ಕಿತು. ಮಿಸ್ ನಗಲಿಲ್ಲ. ‘ಅಂಚು ನೋಡಿ ನಾನೇ ಆತುರ ಪಟ್ಟೆ. ನಿನ್ನನ್ನ ಒಂದು ಮಾತು ಕೇಳಬೇಕಿತ್ತು’ ಎಂದರು. ಆಮೇಲೆ, ‘ಇನ್ಯಾರು ನೋಡಿದ್ದಾರೆ?’

ಅಲ್ಲ, ತಪ್ಪು ಒಪ್ಪಿಕೊಂಡರೂ ಸಾಕ್ಷಿ ಕೇಳುತ್ತಾರಲ್ಲಪ್ಪ! ಸಿಟ್ಟಿನಲ್ಲೇ ಅವ್ವನನ್ನು ಕರೆತಂದೆ. ಕಟ್ಟಡದ ಕೆಲಸದಿಂದ ಊಟದ ಬಿಡುವಿನಲ್ಲಿ ಹಾಗೇ ಎದ್ದು ಬಂದಿದ್ದಳು, ಸೆರಗಿನ ತುಂಬಾ ಸಿಮೆಂಟು. ‘ಹೌದ್ರಿ ಮೇಡಂ, ನಾ ಕಣ್ಣಾರೆ ನೋಡೀನ್ರಿ. ತಿಕ್ಕಿ ತಿಕ್ಕಿ ಕಲ್ಲಿಗೆ ಕುಣಿ ಬಿದ್ದೈತ್ರಿ. ಎಷ್ಟ್ ಬೈದೀನಿ ಇಕಿಗೆ!’

ಮಿಸ್ ತಾವೇ ಚೀಟಿ ಬರೆದರು. ‘ಮಡಕೆ ಚೂರು. ಸಿಕ್ಕ ಜಾಗ: ಟಿಪ್ಪರ್ ಸುರಿದ ಮಣ್ಣು, ಎಲ್ಲಿಯದೋ ತಿಳಿಯದು. ವಯಸ್ಸು: ಗೊತ್ತಿಲ್ಲ. ಅಂಚು ಉಜ್ಜಿದವಳು: ರೇಣುಕಾ, ಏಳನೇ ತರಗತಿ. ಆಧಾರ ಒಂದು: ಅವಳೇ. ಆಧಾರ ಎರಡು: ಕಣ್ಣಾರೆ ಕಂಡ ತಾಯಿ.’ ಅದರ ಕೆಳಗೆ ಅವ್ವ ನಿಧಾನಕ್ಕೆ ‘ನೀಲವ್ವ’ ಎಂದು ಬರೆದಳು. ಅವಳಿಗೆ ಬರೆಯಲು ಬರುತ್ತಿದ್ದದ್ದೇ ಆ ಮೂರು ಅಕ್ಷರ.

ಮೊದಲ ಮೇಜು ಮಂಜನ ಸೇರಿನ ಪಾಲಾಯಿತು. ಸುಳ್ಳು ಯಾಕೆ ಹೇಳಲಿ, ಹೊಟ್ಟೆ ಉರಿಯಿತು. ಪ್ರದರ್ಶನದ ದಿನ ಅವ್ವ ಮಾತ್ರ ಮೂಲೆಯ ಮೇಜಿನ ಮುಂದೆ ನಿಂತೇ ಇದ್ದಳು. ಆ ಚೀಟಿಯಲ್ಲಿ ಅವಳಿಗೆ ಓದಲು ಬರುತ್ತಿದ್ದದ್ದು ತನ್ನ ಹೆಸರು ಒಂದೇ. ಅದನ್ನೇ ಮತ್ತೆ ಮತ್ತೆ ಓದುತ್ತಿದ್ದಳು.

ನಿವೃತ್ತರಾಗುವಾಗ ಮಿಸ್ ಹುಡುಕಿ ಕರೆಸಿ ಬಿಲ್ಲೆ, ಚೀಟಿ ಎರಡನ್ನೂ ನನಗೇ ಕೊಟ್ಟರು. ಮೊನ್ನೆ ಹಳೇ ಜಾಗ ತೋರಿಸೋಣವೆಂದು ಮಗಳನ್ನು ಕರೆದುಕೊಂಡು ಹೋದೆ. ವಠಾರವೂ ಇಲ್ಲ, ಸೈಟೂ ಇಲ್ಲ. ಎರಡೂ ಸೇರಿ ಐದು ಮಹಡಿ, ಕೆಳಗೆ ಟೈಲ್ಸ್ ಹಾಕಿದ ಪಾರ್ಕಿಂಗು. ಕುಂಟೆಬಿಲ್ಲೆಗೆ ಗೆರೆ ಎಳೆಯಲು ಹಿಡಿ ಮಣ್ಣಿಲ್ಲ. ಮಂಜ ಈಗ ಓನರ್, ಪ್ರೀತಿಯಿಂದಲೇ ಮಾತಾಡಿಸಿದ. ‘ಒಗೆಯೋ ಕಲ್ಲಾ? ಇಲ್ಲಿ ಎಲ್ಲಿತ್ತು ರೇಣುಕಾ? ನಂಗೇನೋ ನೆನಪೇ ಇಲ್ಲ’ ಎಂದ.

ವಾಪಸ್ ಬರುವಾಗ ಬಸ್ಸಿನಲ್ಲಿ ಮಗಳು ಬಿಲ್ಲೆ ಹಿಡಿದು, ‘ನಿಜವಾಗ್ಲೂ ನೀನೇ ಉಜ್ಜಿದ್ದಾ? ಇನ್ಯಾರು ನೋಡಿದ್ದಾರೆ?’ ಎಂದಳು. ಆ ಪ್ರಶ್ನೆ ಕೇಳುವುದನ್ನು ಅವಳಿಗೆ ಕಲಿಸಿದವಳು ನಾನೇ.

ಅವ್ವ ಹೋಗಿ ಮೂರು ವರ್ಷ. ಪರ್ಸಿನಿಂದ ಚೀಟಿ ತೆಗೆದು ಬಿಡಿಸಿ, ಆ ಮೂರು ಅಕ್ಷರದ ಮೇಲೆ ಬೆರಳಿಟ್ಟೆ.

‘ಅಜ್ಜಿ ನೋಡ್ಯಾಳ’ ಎಂದೆ.