ದ್ರಾಕ್ಷಿ ಊರಿನಲ್ಲಿ ಕಡೆಯ ಎಲೆ

ಫ್ರಾನ್ಸಿಗೆ ಹೋಗಿ ನನ್ನ ಗಂಡ ಪಟ್ಟ ಕಷ್ಟ ಒಂದೇ: ಎಲೆ ಅಡಿಕೆ ಉಗುಳಲು ಜಾಗ ಇಲ್ಲ. ನಮ್ಮೂರು ಹುಲಕೋಟಿಯಲ್ಲಾದರೆ ಉಗುಳಲು ಹೊಲದ ಬದುವೆಲ್ಲ ಇವರದೇ. ಫ್ರಾನ್ಸಿನ ರಸ್ತೆಗಳೋ, ನಮ್ಮ ಪಡಸಾಲೆಗಿಂತ ಚೊಕ್ಕ. ಎಲ್ಲಾದರೂ ಉಗುಳಿದರೆ ಟೂರಿನ ಗುಂಪಿನ ಮುಂದೆಯೇ ಬೈಯುತ್ತೇನೆ ಎಂದು ಮೊದಲೇ ಹೇಳಿದ್ದೆ. ಹಾಗಾಗಿ ಬಾಯಿಗೇ ಹಾಕಲಿಲ್ಲ. ಗದಗಿನಿಂದ ತಂದ ಎಲೆಗಳು ಒಂದೊಂದಾಗಿ ಕೊಳೆತು, ಆರನೆಯ ದಿನಕ್ಕೆ ಒದ್ದೆ ಬಟ್ಟೆಯಲ್ಲಿ ಒಂದೇ ಒಂದು ಉಳಿದಿತ್ತು.

ಆ ದಿನ ನಮ್ಮನ್ನು ವೈನ್ ಮಾಡುವ ಹಳ್ಳಿಯೊಂದಕ್ಕೆ ಕರೆದೊಯ್ದರು. ನೂರಾರು ವರ್ಷದ ಕಲ್ಲಿನ ಮನೆಗಳು, ಸುತ್ತ ದ್ರಾಕ್ಷಿ ತೋಟ. ಒಂದು ಮನೆಯ ನೆಲಮಾಳಿಗೆಗೆ ಇಳಿದೆವು. ನಮ್ಮ ಹಗೇವಿನಷ್ಟೇ ತಂಪು, ಆದರೆ ಜೋಳದ ಬದಲು ಸಾಲು ಸಾಲು ಪೀಪಾಯಿ. ಮನೆಯ ಮುದುಕ ಒಂದು ಗುಟುಕು ಕೆಂಪು ವೈನ್ ಬಾಯಿಗೆ ಹಾಕಿಕೊಂಡು, ಮುಕ್ಕಳಿಸಿ, ಪಕ್ಕದ ಬಕೆಟ್ಟಿಗೆ ಉಗುಳಿದ. ರುಚಿ ನೋಡುವವರು ಉಗುಳಲೆಂದೇ ಅದನ್ನು ಇಟ್ಟಿದ್ದಾರೆ ಎಂದು ಗೈಡ್ ಹಿಂದಿಯಲ್ಲಿ ವಿವರಿಸಿದ.

ನನ್ನ ಗಂಡನ ಮುಖ ಅರಳಿತು. ವೈನ್ ಯಾರಿಗೆ ಬೇಕಿತ್ತು!

“ಬಕೀಟು ನೋಡಿದೇನ? ಅದರಾಗಿಂದೂ ಕೆಂಪ, ನಂದೂ ಕೆಂಪ. ಯಾರಿಗೆ ಗೊತ್ತಾಗತೈತಿ?”

“ಹಾಕ್ಕೊಳ್ರಿ ಅತ್ಲಾಗ,” ಎಂದೆ.

ಚಂಚಿ ಬಿಚ್ಚಿ, ಎಲೆಯನ್ನು ಪ್ಯಾಂಟಿಗೆ ಒರೆಸಿ, ತೊಟ್ಟು ಮುರಿದು, ಸುಣ್ಣ ಸವರಿ, ಅಡಿಕೆ ಇಟ್ಟು ಮಡಚಿದರು. ಅಷ್ಟರಲ್ಲಿ ಮುದುಕ ಎದುರಿಗೆ ಬಂದು ನಿಂತ. ನಮ್ಮ ಕಡೆ ಎದುರಿಗಿದ್ದವರಿಗೆ ನೀಡದೆ ಯಾರೂ ಎಲೆ ಬಾಯಿಗಿಡುವುದಿಲ್ಲ. ಬೇಡ ಎಂದೇ ಅನ್ನುತ್ತಾನೆಂಬ ಧೈರ್ಯದ ಮೇಲೆ ಇವರು ಕೈ ಚಾಚಿ, “ತಗೋರಿ ಯಜಮಾನ್ರ,” ಎಂದರು.

ಮುದುಕ ತೆಗೆದುಕೊಂಡ. ಇಡಿಯಾಗಿ ಬಾಯಿಗಿಟ್ಟ.

ಇವರ ಕೈ ಚಾಚಿದಂತೆಯೇ ಉಳಿಯಿತು. ನಾನು ನಗು ತಡೆಯಲಾಗದೆ ಪೀಪಾಯಿಯ ಕಡೆ ತಿರುಗಿದೆ. ಮುದುಕ ವೈನ್ ರುಚಿ ನೋಡಿದ ಹಾಗೆಯೇ ಕಣ್ಣು ಮುಚ್ಚಿ ಅಗಿದು, ಬಕೆಟ್ಟಿಗೆ ಉಗುಳಿ, ಇನ್ನೊಂದು ಕೊಡಿ ಎಂದ. ಅದೇ ಕಡೆಯದು ಎಂದು ಗೈಡ್ ತಿಳಿಸಿದಾಗ, ಪಾಪ, ಪೆಚ್ಚಾದ. ಸರಸರ ಮೆಟ್ಟಿಲು ಹತ್ತಿ ಹೋಗಿ, ಎಳೆಯ ದ್ರಾಕ್ಷಿ ಎಲೆಯೊಂದನ್ನು ಕಿತ್ತು ತಂದು ಇವರ ಕೈಗಿಟ್ಟ.

ಇವರು ಅದನ್ನೂ ಪ್ಯಾಂಟಿಗೆ ಒರೆಸಿದರು. ಮತ್ತೆ ಸುಣ್ಣ, ಮತ್ತೆ ಅಡಿಕೆ. ಇಡೀ ಗುಂಪು ನೋಡುತ್ತ ನಿಂತಿತ್ತು. ನಿಧಾನಕ್ಕೆ ಅಗಿದು, ಬಕೆಟ್ಟಿಗೆ ಬಗ್ಗಿ, ಆರು ದಿನದಲ್ಲಿ ಮೊದಲ ಸಲ ಉಗುಳಿದರು.

“ಹೆಂಗೈತ್ರಿ?” ಎಂದೆ.

“ಎಲಿ ಹುಳಿ ಐತಿ. ಬಕೀಟು ಛಲೋ ಐತಿ.”