ಗೋಡೆಯ ಮೇಲಿನ ಇದ್ದಿಲ ಗೀಟು

ಮಗ್ಗಗಳ ಎಣಿಕೆಗೆಂದು ರಬಕವಿಗೆ ಹೋಗಿದ್ದೆ. ಒಂದು ಮನೆಯಲ್ಲಿ ನೇಕಾರಗಿತ್ತಿ ಕಾಶವ್ವ ಗೋಡೆ ಹಿಡಿದು ಎಡಗೈ ಮೇಲೆತ್ತಲು ಹೆಣಗುತ್ತಿದ್ದಳು. ಕ್ಯಾನ್ಸರ್ ಎಂದು ಮಿರಜದ ಆಸ್ಪತ್ರೆಯಲ್ಲಿ ಆ ಕಡೆಯ ಮೊಲೆ ತೆಗೆದು ತಿಂಗಳಾಗಿತ್ತಂತೆ.

"ಮಗ್ಗಕ್ಕ ಕೂಡಬೇಕಲ್ರಿ. ನಿನ್ನಿಗಿಂತ ಎರಡು ಬೆರಳು ಮ್ಯಾಲ ಹೋತು ನೋಡ್ರಿ," ಎಂದು ಇದ್ದಿಲಿನಿಂದ ಗೀಟೆಳೆದಳು.

ಯಾರೂ ಕೇಳಿರಲಿಲ್ಲ, ಆದರೆ ನಾನು ಬಿ.ಎ. ಓದಿದವನು. "ಹಂಗ ಮಾಡಬ್ಯಾಡವಾ, ಜಡ್ಡು ಮತ್ತ ಕೆರಳೀತು. ಕೈಗೆ ಆರಾಮ ಕೊಡು," ಎಂದೆ.

"ಸಾಹೇಬ್ರು ಓದಿದವ್ರ ಅದಾರ, ಕೇಳಬೇ," ಎಂದಳು ಒಳಗಿಂದ ಅವಳ ಅತ್ತೆ.

ಮರುವರ್ಷ ಹೋದಾಗ ರೋಗ ಮರಳಿರಲಿಲ್ಲ. ಆದರೆ ಕೈ ಹೆಗಲ ಮಟ್ಟಕ್ಕೂ ಏಳುತ್ತಿರಲಿಲ್ಲ. ಮಗ್ಗದಲ್ಲಿ ನಾದಿನಿ ಕೂತಿದ್ದಳು. ಗೋಡೆಯ ಮೇಲೆ ಹೊಸ ಗೀಟಿರಲಿಲ್ಲ.

"ನೀವು ಹೇಳಿದ್ಹಂಗ ಒಂದು ದಿನಾನೂ ಎತ್ತಿಲ್ರಿ," ಎಂದಳು ಕಾಶವ್ವ.

ನನ್ನ ಉಪದೇಶವನ್ನು ಚಾಚೂ ತಪ್ಪದೆ ಪಾಲಿಸಿದವಳು ಈವರೆಗೆ ಅವಳೊಬ್ಬಳೇ.